ಬಣ್ಣ ತಪ್ಪಿದ ಕಣ್ಣು, ಗೆರೆ ತಪ್ಪದ ಕೈ



ಈ ಸಲದ ಇ-ಸ್ಮರಣ ಸಂಚಿಕೆಗೆ ಅವ್ವನ ಅಡುಗೆಮನೆಯ ಹಳೆಯ ಸಾಮಾನುಗಳ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಬರೆಯಲು ಕೂತಾಗ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಒಬ್ಬ ಹಿರಿಯರ ಬದುಕೇ ಮುಂದೆ ಬಂದು ನಿಂತಿತು. ಅದಕ್ಕೆ ಕಾರಣವೂ ಇದೆ.

ಡೊಂಬಿವಿಲಿಯಲ್ಲಿ ನಮ್ಮ ಅವ್ವ ಅಪ್ಪ ಇರುವ ಕಟ್ಟಡ ಈ ವರ್ಷ ರೀಡೆವಲಪ್‌ಮೆಂಟಿಗೆ ಹೋಯಿತು. ಮನೆ ಖಾಲಿ ಮಾಡಬೇಕಾಗಿ ಬಂದಾಗ ನಾನು ರಜೆ ಹಾಕಿ ಎಂಟು ವರ್ಷದ ಮಗನನ್ನೂ ಕರೆದುಕೊಂಡು ಹೋದೆ. ಅಡುಗೆಮನೆಯ ಲಾಫ್ಟಿನಿಂದ ಒಂದೊಂದೇ ಸಾಮಾನು ಕೆಳಗಿಳಿಯಿತು. ಕಿತ್ತಳೆ ಬಣ್ಣದ ಮಿಕ್ಸಿ, ಅದರ ಮೂರು ಜಾರು. ನೀಲಿ ಎನಾಮಲ್ ಬಳಿದ ಒಂದು ಪಾತ್ರೆ. ಹಿತ್ತಾಳೆಯ ಪಂಪ್ ಸ್ಟೋವ್. ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳ ಸಾಲು. ಮೂಲೆಯಲ್ಲಿ ನಿಂತಿದ್ದ ತಿಳಿ ಹಸಿರು ಫ್ರಿಜ್ ಕೆಟ್ಟು ಎಷ್ಟೋ ವರ್ಷವಾಗಿತ್ತು, ಅವ್ವ ಅದರಲ್ಲಿ ಬೇಳೆ ರವೆ ಇಡುತ್ತಿದ್ದಳು. ಈಗ ನವಿ ಮುಂಬಯಿಯ ನನ್ನ ಮನೆಯಲ್ಲಿ ಅಡುಗೆಮನೆಯ ಯಂತ್ರಗಳೆಲ್ಲ ಕಪ್ಪು ಇಲ್ಲವೇ ಸ್ಟೀಲ್ ಬಣ್ಣದವು. ಆ ಕಿತ್ತಳೆ ಮಿಕ್ಸಿ ನೋಡಿದ ಕೂಡಲೇ ದೋಸೆ ಹಿಟ್ಟಿನ ಬೆಳಗುಗಳು, ಶಾಲೆಯ ಡಬ್ಬಿ, ಏಳು ಗಂಟೆಯ ಲೋಕಲ್ ಹಿಡಿಯಲು ಓಡುತ್ತಿದ್ದ ಅಪ್ಪ, ಎಲ್ಲ ನೆನಪಾಯಿತು.

ಮಗನಿಗೆ ಹಸಿರು ಮುಚ್ಚಳ ತಾ ಎಂದೆ. ಅವನು ಕಂದು ಮುಚ್ಚಳ ತಂದ. ಇನ್ನೊಮ್ಮೆ ಕಳಿಸಿದೆ, ಕೆಂಪು ತಂದ. ಗಮನವೇ ಇಲ್ಲ ಎಂದು ಬೈದೆ. ಅವನು ಅಳುತ್ತ ಎರಡನ್ನೂ ಒಟ್ಟಿಗೆ ಹಿಡಿದು ನಿಂತ. ಶಾಲೆಯಲ್ಲಿಯೂ ಚಿತ್ರಕ್ಕೆ ತಪ್ಪು ಬಣ್ಣ ಹಾಕುತ್ತಾನೆ ಎಂದು ದೂರು ಬಂದದ್ದು ಆಗ ನೆನಪಾಯಿತು. ಮರುವಾರ ಠಾಣೆಯಲ್ಲಿ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ತೋರಿಸಿದರು. ನನಗೆ ಸಲೀಸಾಗಿ ಕಂಡ ಅಂಕಿಗಳು ಅವನಿಗೆ ಕಾಣಲಿಲ್ಲ. ಕೆಂಪು ಹಸಿರು ಗುರುತಿಸುವುದರಲ್ಲಿ ದೋಷ, ಹುಟ್ಟಿನಿಂದ ಬಂದದ್ದು, ಔಷಧಿಯಿಲ್ಲ ಎಂದರು. ಇದು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ತಾಯಿಗೆ ಎಲ್ಲ ಬಣ್ಣ ಸರಿಯಾಗಿಯೇ ಕಾಣುತ್ತಿರಬಹುದು ಎಂದೂ ಹೇಳಿದರು.

ಗೆಳತಿಯರೇ, ನಾನು ಎಂಟೆಕ್ ಓದಿದವಳು, ವಂಶವಾಹಿಯ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೆ ಚಿತ್ರ ಬರೆಯುವುದೆಂದರೆ ಪ್ರಾಣ. ನಾನೇ ಕೊಟ್ಟ ಕೊರತೆ, ಅದಕ್ಕೆ ನಾನೇ ಬೈದೆ ಎಂಬ ಸಂಕಟ. ಫೋನಿನಲ್ಲಿ ಅವ್ವನ ಮುಂದೆ ಅತ್ತೆ. ಅವ್ವ ಸಮಾಧಾನದ ಮಾತು ಆಡಲಿಲ್ಲ. ನಮ್ಮ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೂ ಹೀಗೇ ಇತ್ತಂತೆ, ಅವರ ಬಗ್ಗೆ ಓದು ಎಂದಳು. ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಆದ್ಯರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ, ಮನೆತನವೂ ಅದೇ. ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನಿಗೆ ಪುಸ್ತಕಕ್ಕಿಂತ ಎರಡು ವಿಷಯಗಳ ಹುಚ್ಚು ಹೆಚ್ಚು: ಒಂದು ಚಿತ್ರ, ಇನ್ನೊಂದು ಯಂತ್ರ. ಚಿತ್ರ ಕಲಿಯಲು ಮುಂಬಯಿಗೆ ಹೋಗುತ್ತೇನೆ ಎಂದಾಗ ತಂದೆಗೆ ಒಪ್ಪಿಗೆಯಾಗಲಿಲ್ಲ. ಅಣ್ಣ ರಾಮಚಂದ್ರರಾವ್, ಅಂದರೆ ಎಲ್ಲರ ರಾಮುಅಣ್ಣ, ತಮ್ಮನ ಬೆನ್ನಿಗೆ ನಿಂತರು.

1885ರಲ್ಲಿ ಲಕ್ಷ್ಮಣರಾವ್ ಮುಂಬಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ನಮ್ಮ ಸೆಂಟ್ರಲ್ ಲೈನಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರದಲ್ಲೇ ಇದೆ ಆ ಶಾಲೆ. ಹದಿನಾರರ ಹುಡುಗ ಮನೆಯವರ ವಿರೋಧ ಕಟ್ಟಿಕೊಂಡು ಅಷ್ಟು ದೂರ ಬಂದಿದ್ದ. ಅಲ್ಲಿ ಗೊತ್ತಾಯಿತು, ಅವನ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ ಎಂದು. ಬಣ್ಣದ ಚಿತ್ರ ಬಿಡಬೇಕಾಯಿತು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಆ ಹುಡುಗನ ತಾಯಿಗೆ ಈ ಸುದ್ದಿ ಹೇಗೆ ತಲುಪಿರಬಹುದು ಎಂದು ಯೋಚನೆ ಬಂತು.

ಆದರೆ ಅವರು ಊರಿಗೆ ವಾಪಸ್ ಹೋಗಲಿಲ್ಲ. ಬಣ್ಣ ಬೇಡದ ಚಿತ್ರವೂ ಒಂದಿದೆಯಲ್ಲ, ಯಂತ್ರಗಳ ನಕ್ಷೆ! ಅದಕ್ಕೆ ಬೇಕಾದದ್ದು ಗೆರೆ, ಅಳತೆ, ಕೋನ. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಯುವುದನ್ನು ಮುಂದುವರಿಸಿದರು. ಅದೇ ವಿಷಯ ಕಲಿಸುವ ಶಿಕ್ಷಕರಾಗಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಇಂದು ಮಾಟುಂಗಾದಲ್ಲಿರುವ ವಿಜೆಟಿಐ ಅದೇ ಸಂಸ್ಥೆ. ಪಾಠ ಮುಗಿದ ಮೇಲೆ ಅಲ್ಲಿನ ವರ್ಕ್‌ಶಾಪಿನಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಅವುಗಳ ಒಳಗುಟ್ಟು ತಿಳಿದುಕೊಂಡರು.

ಆ ಕಾಲದಲ್ಲಿ ಸೈಕಲ್ ದೊಡ್ಡ ಅಚ್ಚರಿಯ ವಸ್ತು. ಲಕ್ಷ್ಮಣರಾವ್ ಮುಂಬಯಿಯಿಂದ ಸೈಕಲ್ ಕಳಿಸುವುದು, ರಾಮುಅಣ್ಣ ಬೆಳಗಾವಿಯಲ್ಲಿ ಮಾರುವುದು, ಹೀಗೆ ಅಣ್ಣ ತಮ್ಮಂದಿರ ವ್ಯಾಪಾರ ಶುರುವಾಯಿತು. ಕೊಂಡವರಿಗೆ ಸೈಕಲ್ ಹೊಡೆಯುವುದನ್ನೂ ದುಡ್ಡು ತೆಗೆದುಕೊಂಡು ಕಲಿಸಿದರು. ಕಿರ್ಲೋಸ್ಕರ್ ಸಮೂಹ ತನ್ನ ಹುಟ್ಟಿನ ವರ್ಷವೆಂದು ಇಂದಿಗೂ ಲೆಕ್ಕ ಹಿಡಿಯುವ 1888 ಈ ಸೈಕಲ್ ಅಂಗಡಿಯದು. ಮುಂದೆ ತಮಗೆ ಬರಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಇಂದಿಗೂ ಕಿರ್ಲೋಸ್ಕರ್ ರೋಡ್ ಇದೆ, ನಮ್ಮಲ್ಲಿ ಎಷ್ಟೋ ಜನ ಅಲ್ಲಿ ಸೀರೆ ಕೊಳ್ಳಲು ಓಡಾಡಿದವರೇ.

ಸೈಕಲ್ಲಿನಿಂದ ಅವರು ರೈತರ ಯಂತ್ರಗಳ ಕಡೆ ತಿರುಗಿದರು. ಮೊದಲು ದನಗಳ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ನೇಗಿಲು ಗಟ್ಟಿಯಾಗಿತ್ತು, ಆಳವಾಗಿ ಉಳುತ್ತಿತ್ತು, ಆದರೆ ಕೊಳ್ಳುವವರೇ ಇಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರ ಹೆದರಿಕೆ. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಮಾರಾಟವಾಗದ ಮಾಲನ್ನು ಕಣ್ಣ ಮುಂದೆ ಇಟ್ಟುಕೊಂಡು ಎರಡು ವರ್ಷ ಕಾಯುವುದು ಎಷ್ಟು ಕಷ್ಟ ಎಂದು ಚಿಕ್ಕ ವ್ಯಾಪಾರ ಮಾಡುವ ನಮ್ಮ ವೇದಿಕೆಯ ಸೋದರಿಯರಿಗೆ ಬೇರೆ ಹೇಳಬೇಕಾಗಿಲ್ಲ.

ಕೆಲಸ ಕುದುರುವ ಹೊತ್ತಿಗೆ ಇನ್ನೊಂದು ಪೆಟ್ಟು. ಊರು ಬೆಳೆಯುತ್ತಿದೆ, ಕಾರ್ಖಾನೆಯ ಜಾಗ ಬಿಡಿ ಎಂದು ಬೆಳಗಾವಿಯಲ್ಲಿ ಅವರಿಗೆ ಆದೇಶವಾಯಿತು. ಆಗ ಕೈ ಹಿಡಿದವರು ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ಎಂಬ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಾಗ ಕೊಟ್ಟರು, ಸಾಲವನ್ನೂ ಕೊಟ್ಟರು. ಜಾಗವೆಂದರೆ ಕಳ್ಳಿ ಬೆಳೆದ ಬರಡು ಭೂಮಿ, ಎಲ್ಲೆಲ್ಲೂ ನಾಗರಹಾವು. 1910ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಲಕ್ಷ್ಮಣರಾವ್ ಹೆಂಡತಿ ರಾಧಾಬಾಯಿ, ಮಕ್ಕಳು, ಅಣ್ಣ, ಕೆಲಸಗಾರರು ಎಲ್ಲರನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಅದೇ ಕಿರ್ಲೋಸ್ಕರವಾಡಿ. ಕಲ್ಯಾಣದಲ್ಲಿ ಹತ್ತಿ ಮಿರಜ್ ಮೇಲೆ ಬೆಳಗಾವಿಗೆ ಹೋಗುವಾಗ ನಡುವೆ ಆ ಹೆಸರಿನ ಸ್ಟೇಷನ್ ಬರುತ್ತದೆ. ನಾನು ನೂರು ಸಲ ನಿದ್ದೆಯಲ್ಲೇ ದಾಟಿದ್ದೇನೆ.

ಅಲ್ಲಿ ಕಾರ್ಖಾನೆಯ ಜೊತೆ ಒಂದು ಊರೇ ಎದ್ದಿತು. ದೇಶದ ಮೊದಮೊದಲ ಕೈಗಾರಿಕಾ ಊರುಗಳಲ್ಲಿ ಅದೂ ಒಂದು. ಅಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಜೈಲು ಕಂಡು ಬಂದವರನ್ನೂ ನಂಬಿ ರಾತ್ರಿ ಕಾವಲಿಗೆ ಇಟ್ಟರು. ನೇಗಿಲಿನ ಜೊತೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಪಂಪು, ಕಬ್ಬಿಣದ ಪೀಠೋಪಕರಣ ಎಲ್ಲ ತಯಾರಾದವು. ಆ ಊರಿನಿಂದ ಯಂತ್ರಗಳಷ್ಟೇ ಬರಲಿಲ್ಲ. ಅದೇ ಮನೆತನದ ಶಂಕರರಾವ್ ಕಿರ್ಲೋಸ್ಕರ್ 1920ರಿಂದ ಮರಾಠಿ ಪತ್ರಿಕೆ ನಡೆಸಿದರು, 1930ರಲ್ಲಿ ಹೆಂಗಸರಿಗಾಗಿಯೇ ಸ್ತ್ರೀ ಎಂಬ ಮಾಸಿಕ ಶುರು ಮಾಡಿದರು. ಡೊಂಬಿವಿಲಿಯಲ್ಲಿ ನಮ್ಮ ಪಕ್ಕದ ಮನೆಯ ಆಜಿಯ ಹತ್ತಿರ ಅದರ ಹಳೆಯ ಸಂಚಿಕೆಗಳ ಕಟ್ಟು ಇತ್ತು. ಅವ್ವ ಮರಾಠಿ ಓದಲು ಕಲಿತದ್ದೇ ಅವುಗಳಿಂದ.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದರು. ಕೆಲಸ ಕರ್ನಾಟಕಕ್ಕೂ ಹಬ್ಬಿತು: 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಅದೇ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನಿನ ಕಂಪನಿ. 1948ರ ಗಲಭೆಯಲ್ಲಿ ಕಿರ್ಲೋಸ್ಕರವಾಡಿಗೆ ಬೆಂಕಿ ಬಿತ್ತು. ಕಟ್ಟಿದ್ದು ಸುಟ್ಟಿತು, ಮತ್ತೆ ಕಟ್ಟಿದರು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಆಗ ಅವರಿಗೆ 87 ವರ್ಷ. ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಅವರ ನೆನಪಿಗೆ ಅಂಚೆ ಚೀಟಿ ಬಂತು.

ಇಷ್ಟು ಓದಿ ಅವ್ವನಿಗೆ ಹೇಳಿದಾಗ ಅವಳು ತನ್ನ ತವರಿನ ಕತೆ ತೆಗೆದಳು. ಅಜ್ಜನ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುವ ಮಷೀನು ಇತ್ತು, ಕೈಯಿಂದ ಹಿಡಿ ಆಡಿಸುವಂಥದ್ದು. ಅದಕ್ಕೆ ಬಳಿದಿದ್ದ ಕೆಂಪು ಬಣ್ಣ ಹಿಡಿಯ ಹತ್ತಿರ ಸವೆದು ಬೆಳ್ಳಗಾಗಿತ್ತು. ಅದರಲ್ಲಿ ಸುಲಿದ ಶೇಂಗಾದಿಂದಲೇ ನಮಗೆ ಹೋಳಿಗೆ, ಚಟ್ನಿಪುಡಿ. ಅಜ್ಜ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಯಾವತ್ತೂ ತಾನು ಇಳಿಯುತ್ತಿರಲಿಲ್ಲವಂತೆ. ಯಾವುದು ಕೆಂಪಾಗಿದೆ ನೋಡಿ ಹೇಳು ಎಂದು ಚಿಕ್ಕವಳಾಗಿದ್ದ ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಅಜ್ಜನಿಗೆ ಮಗಳ ಮೇಲೆ ಮುದ್ದು ಜಾಸ್ತಿ ಎಂದೇ ಎಲ್ಲರೂ ತಿಳಿದಿದ್ದರು. ಹೇಳುತ್ತ ಹೇಳುತ್ತ ಅವ್ವ ಸುಮ್ಮನಾದಳು. ಫೋನಿನ ಈ ಕಡೆ ನಾನೂ ಸುಮ್ಮನಾದೆ. ಅಜ್ಜನಿಂದ ಅವ್ವನಿಗೆ, ಅವ್ವನಿಂದ ನನಗೆ, ನನ್ನಿಂದ ಮಗನಿಗೆ. ಡಾಕ್ಟರ್ ಹೇಳಿದ ಲೆಕ್ಕಕ್ಕೆ ಸರಿಯಾಗಿ ಕೂತಿತು.

ಅಜ್ಜ ಹದಿನೆಂಟು ಎಕರೆ ಹೊಲ ಮಾಡಿದ, ಐದು ಮಕ್ಕಳನ್ನು ಓದಿಸಿದ, ಮೆಣಸಿನಕಾಯಿಯ ಬಣ್ಣ ತನಗೆ ಕಾಣುವುದಿಲ್ಲ ಎಂದು ಯಾರಿಗೂ ಹೇಳದೆ ಹೋದ. ನನ್ನ ಮಗ ಹಾಗೆ ಮುಚ್ಚಿಡಬೇಕಾಗಿಲ್ಲ ಎಂದು ಅಂದೇ ನಿಶ್ಚಯಿಸಿದೆ. ಅವನ ಕ್ಲಾಸ್ ಟೀಚರಿಗೆ ವಿಷಯ ತಿಳಿಸಿದೆ. ಅವನ ಕ್ರೇಯಾನುಗಳ ಮೇಲೆ ಬಣ್ಣದ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸಿದೆ, ಅಕ್ಷರಾಭ್ಯಾಸವೂ ಆಯಿತು. ಆಫೀಸಿನಲ್ಲಿ ನಾನು ಮಾಡುವ ಸ್ಕ್ರೀನುಗಳಲ್ಲಿ ಸರಿ ಎಂದರೆ ಹಸಿರು, ತಪ್ಪೆಂದರೆ ಕೆಂಪು, ಅಷ್ಟೇ ಇರುತ್ತಿತ್ತು. ಈಗ ಅವುಗಳ ಪಕ್ಕ ಗುರುತು ಮತ್ತು ಅಕ್ಷರವನ್ನೂ ಸೇರಿಸುತ್ತೇನೆ. ಇಷ್ಟು ವರ್ಷ ಎಷ್ಟು ಜನ ಆ ಸ್ಕ್ರೀನಿನ ಮುಂದೆ ತಡವರಿಸಿದ್ದರೋ.

ಅವ್ವನ ಮನೆ ಖಾಲಿಯಾಯಿತು. ಫ್ರಿಜ್ ಭಂಗಾರದವನ ಪಾಲಾಯಿತು. ಕಿತ್ತಳೆ ಮಿಕ್ಸಿಯನ್ನು ಮಾತ್ರ ನಾನು ತಂದುಕೊಂಡೆ, ಮೋಟರ್ ಇನ್ನೂ ತಿರುಗುತ್ತದೆ. ಹೋದ ವಾರ ಮಗ ಅಜ್ಜಿಯ ಹಳೆಯ ಅಡುಗೆಮನೆಯ ಚಿತ್ರ ಬರೆದ. ಫ್ರಿಜ್ಜಿಗೆ ಕಂದು ಬಣ್ಣ ಹಾಕಿದ್ದಾನೆ. ಆದರೆ ಅದರ ಹಿಡಿ, ಮಿಕ್ಸಿಯ ಮೂರು ಜಾರು, ಸ್ಟೋವಿನ ಮೂರು ಕಾಲು, ಡಬ್ಬಿಗಳ ಸಾಲು, ಎಲ್ಲ ಇದ್ದ ಹಾಗೇ, ಇದ್ದ ಜಾಗದಲ್ಲೇ ಬರೆದಿದ್ದಾನೆ. ಅವ್ವ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ನಾನು ಬಣ್ಣ ತಿದ್ದಲಿಲ್ಲ.

ನಿಮ್ಮ ಮನೆಯಲ್ಲೂ ಮಗು ಪದೇ ಪದೇ ತಪ್ಪು ಬಣ್ಣ ತಂದುಕೊಟ್ಟರೆ ದಯವಿಟ್ಟು ಬೈಯಬೇಡಿ, ಒಮ್ಮೆ ಕಣ್ಣು ತೋರಿಸಿ. ಮುಂದಿನ ಸಲ ಊರಿಗೆ ಹೋಗುವಾಗ ಕಿರ್ಲೋಸ್ಕರವಾಡಿ ಬಂದರೆ ಮಕ್ಕಳನ್ನು ಎಬ್ಬಿಸಿ ತೋರಿಸಿ. ನಾನಂತೂ ಎಬ್ಬಿಸುತ್ತೇನೆ.