ಎಚ್‌ಎಎಲ್ ಕಟ್ಟಿ ಕಳೆದುಕೊಂಡವರು

ಏರೋ ಇಂಡಿಯಾ ಬಂತು ಅಂದ್ರೆ ಗಂಗಾನಗರದ ಪಿಜಿಗಳ ಟೆರೇಸ್ ಮೇಲೆ ನಿಲ್ಲೋಕೆ ಜಾಗ ಇರಲ್ಲ. ಯಲಹಂಕದಿಂದ ಎದ್ದ ತೇಜಸ್ ತಲೆ ಮೇಲೆ ಹೋದಾಗ, ನಮ್ಮ ಎಚ್‌ಎಎಲ್‌ದು ಅಂತ ಹೆಮ್ಮೆ ಪಡ್ತೀವಿ. ಆದರೆ ಎಚ್‌ಎಎಲ್ ಶುರು ಮಾಡಿದ್ದು ದೆಹಲಿಯ ಸರ್ಕಾರ ಅಲ್ಲ, ವಾಲ್‌ಚಂದ್ ಹೀರಾಚಂದ್ ಎಂಬ ಕಂಟ್ರಾಕ್ಟರ್. ನಮ್ಮ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಲೀಡರ್ ಅಂದ್ರೆ ಬರೀ ಅಮೆರಿಕದವರು. ಇವರ ಹೆಸರೇ ಇಲ್ಲ.

ವಾಲ್‌ಚಂದ್ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದ ಗುಜರಾತಿ ಜೈನ ವ್ಯಾಪಾರಿ ಮನೆಯಲ್ಲಿ. ಮನೆಯ ವ್ಯಾಪಾರ ಹಿಡಿಸದೆ, ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ್ ಎಂಬುವರ ಜೊತೆ ಸೇರಿ ರೈಲು ದಾರಿಯ ಕಂಟ್ರಾಕ್ಟ್ ಹಿಡಿದರು. ದುಡ್ಡು ಚೆನ್ನಾಗೇ ಬಂತು. ಅಲ್ಲಿಗೇ ನಿಲ್ಲಬಹುದಿತ್ತು.

ನಿಲ್ಲಲಿಲ್ಲ. 1919ರಲ್ಲಿ ಗೆಳೆಯರ ಜೊತೆ ಗ್ವಾಲಿಯರ್ ಮಹಾರಾಜರ ಹಡಗನ್ನು ಕೊಂಡು ಸಿಂಧಿಯಾ ಹಡಗು ಕಂಪನಿ ತೆರೆದರು. ಆ ಏಪ್ರಿಲ್ 5ರಂದು 'ಲಾಯಲ್ಟಿ' ಮುಂಬೈಯಿಂದ ಲಂಡನ್‌ಗೆ ಹೊರಟಿತು. ಇವತ್ತಿಗೂ ಅದೇ ದಿನ ರಾಷ್ಟ್ರೀಯ ಕಡಲಯಾನ ದಿನ. ಬ್ರಿಟಿಷ್ ಕಂಪನಿಗಳು ಸುಮ್ಮನಿರ್ತಾವಾ? ದರ ಇಳಿಸಿ ಉಸಿರುಗಟ್ಟಿಸಿದವು. 1923ರಲ್ಲಿ ಸಿಂಧಿಯಾ ವಿದೇಶಿ ಮಾರ್ಗ ಬಿಟ್ಟು ಕರಾವಳಿಗೆ ಮಾತ್ರ ಸೀಮಿತವಾಗಲು ಒಪ್ಪಿತು. ಸೋಲು ಅಂತ ಅನ್ನಿಸುತ್ತೆ, ಆದರೆ ಆ ಒಪ್ಪಂದದಿಂದಲೇ ಕಂಪನಿ ಉಳೀತು ಅನ್ನೋದು ನಮ್ಮ ಲೆಕ್ಕ.

ಬೆಂಗಳೂರಿಗೆ ಅವರು ಮೊದಲು ತರಲು ಹೊರಟಿದ್ದು ಕಾರು. ಸರ್ ಎಂ.ವಿ. ಅವರಿಗೂ ಅದೇ ಕನಸು, ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಇಲ್ಲಿ ಆಗಲಿಲ್ಲ. ಮುಂದೆ 1944ರಲ್ಲಿ ಮುಂಬೈನಲ್ಲಿ ಪ್ರೀಮಿಯರ್ ಕಂಪನಿ ಆಯ್ತು. ಪದ್ಮಿನಿ ಟ್ಯಾಕ್ಸಿ ಗೊತ್ತಲ್ಲ, ಅದೇ.

ವಿಮಾನದ ಕಥೆ ಶುರುವಾಗಿದ್ದು ವಿಮಾನದಲ್ಲೇ. 1939ರಲ್ಲಿ ಪ್ರಯಾಣದ ನಡುವೆ ವಿಲಿಯಂ ಪಾಲಿ ಎಂಬ ಅಮೆರಿಕದವರು ಸಿಕ್ಕರು. ಅವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸ್ತಿದ್ದರು. ಭಾರತದಲ್ಲಿ ಯಾಕಾಗಬಾರದು ಅಂತ ವಾಲ್‌ಚಂದ್ ಹಿಂದೆ ಬಿದ್ದರು. ಯುದ್ಧ ಬಂದ ಮೇಲೆ ಬ್ರಿಟಿಷರೂ ಒಪ್ಪಿದರು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಜಮೀನು ಕೊಟ್ಟರು, ಸಂಸ್ಥಾನದ ಬಂಡವಾಳವನ್ನೂ ಹಾಕಿಸಿದರು. 1940ರ ಡಿಸೆಂಬರ್ 23ಕ್ಕೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮುಂದಿನ ವರ್ಷವೇ ಅಮೆರಿಕದ ಬಿಡಿಭಾಗಗಳಿಂದ ಹಾರ್ಲೋ ತರಬೇತಿ ವಿಮಾನ ಜೋಡಿಸಿ ಹಾರಿಸಿದರು. ವಿಮಾನದ ಒಂದು ನಟ್ಟೂ ಮಾಡದ ದೇಶದಲ್ಲಿ ಇಷ್ಟು ಬೇಗ!

ಆದರೆ ಒಂದು ಗಂಟು ಇತ್ತು. ಹಡಗಿಗೆ ನೂರಾರು ಗಿರಾಕಿಗಳು, ಯುದ್ಧವಿಮಾನಕ್ಕೆ ಒಬ್ಬರೇ: ಸರ್ಕಾರ. ಆ ಗಿರಾಕಿ 1941ರಲ್ಲಿ ಪಾಲುದಾರನಾಯ್ತು. ಜಪಾನ್ ಹತ್ತಿರ ಬರ್ತಿದ್ದ ಹಾಗೆ, 1942ರ ಏಪ್ರಿಲ್‌ನಲ್ಲಿ ವಾಲ್‌ಚಂದ್ ಪಾಲನ್ನೂ ಕೊಂಡು ಕಾರ್ಖಾನೆಯನ್ನೇ ಕೈಗೆ ತಗೊಂಡಿತು. ಕಟ್ಟಿ ಒಂದೂವರೆ ವರ್ಷವೂ ತುಂಬಿರಲಿಲ್ಲ. ಒಂಟಿ ಗಿರಾಕಿಯ ಅಪಾಯ ಅವರಿಗೆ ಗೊತ್ತಿರಲಿಲ್ಲ ಅಂತ ನಮಗೆ ಅನ್ನಿಸಲ್ಲ. ಗೊತ್ತಿದ್ದೂ ಹಾಕಿದ ದುಡ್ಡು ಅದು.

ಅದೇ ವರ್ಷ ಪಕ್ಕದ ಐಐಎಸ್‌ಸಿಯಲ್ಲಿ ವೈಮಾನಿಕ ವಿಭಾಗ ಶುರುವಾಯ್ತು, ಮುಖ್ಯಸ್ಥರು ವಿ.ಎಂ. ಘಾಟಗೆ. ಮುಂದೆ ಅವರೇ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ವಿನ್ಯಾಸ ಮಾಡಿದರು. 1951ರಲ್ಲಿ ಅದು ಬೆಂಗಳೂರಿನ ಮೇಲೆ ಹಾರಿದಾಗ ವಾಲ್‌ಚಂದ್ ಪಾರ್ಶ್ವವಾಯು ಹೊಡೆದು ವ್ಯವಹಾರದಿಂದ ದೂರವಾಗಿದ್ದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು.