ಗಿರಿವನಗಳ ಬಂಧು ಜಾನ್ ಮ್ಯೂರ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಿಯೆರಾ ನೆವಾಡಾ ಎಂಬ ಪರ್ವತಶ್ರೇಣಿಯಿದೆ. ಅಲ್ಲಿಯ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 3,000 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಬಂಡೆಯಿದೆ. 2,425 ಅಡಿ ಎತ್ತರದಿಂದ ಮೂರು ಹಂತಗಳಲ್ಲಿ ಇಳಿಯುವ ಜಲಪಾತವಿದೆ. ಮೂರು ಸಾವಿರ ವರ್ಷ ಬಾಳಬಲ್ಲ ಸಿಕ್ವೋಯಾ ಮರಗಳಿವೆ. ಕರಡಿ, ಜಿಂಕೆಗಳು ನಿರ್ಭಯವಾಗಿ ಅಲೆಯುತ್ತವೆ. ಈ ಸಂಪತ್ತನ್ನು ಉಳಿಸಿದವರನ್ನು ನೆನೆಯುವಾಗ ನಮಗೆ ಮೊದಲು ತೋರುವ ಹೆಸರು ಜಾನ್ ಮ್ಯೂರ್ ಅವರದು.

ಮ್ಯೂರ್ 1838ರ ಏಪ್ರಿಲ್ 21ರಂದು ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. 1849ರಲ್ಲಿ ಅವರ ಕುಟುಂಬ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಹೋಯಿತು. ತಂದೆ ಬಹಳ ಕಠಿಣ ಸ್ವಭಾವದವರು. ಹಗಲೆಲ್ಲ ಹೊಲದಲ್ಲಿ ದುಡಿಯಬೇಕಿದ್ದುದರಿಂದ ಬಾಲಕ ನಸುಕಿಗೂ ಮುಂಚೆ ಎದ್ದು ಪುಸ್ತಕ ಓದುತ್ತಿದ್ದ, ಮರದಲ್ಲಿ ಗಡಿಯಾರಗಳನ್ನು ಮಾಡುತ್ತಿದ್ದ.

1867ರಲ್ಲಿ ಇಂಡಿಯಾನಪೊಲಿಸ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅರದ ಮೊನೆ ಅವರ ಬಲಗಣ್ಣಿಗೆ ಚುಚ್ಚಿತು. ಕೆಲಕಾಲ ಎರಡು ಕಣ್ಣುಗಳೂ ಕುರುಡಾದವು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದ ಮ್ಯೂರ್, ದೃಷ್ಟಿ ಮರಳಿದ ಮೇಲೆ ಯಂತ್ರಗಳ ಸಹವಾಸ ಬಿಟ್ಟು ಪ್ರಕೃತಿಯನ್ನು ನೋಡಲು ಹೊರಟರು. ಫ್ಲಾರಿಡಾದವರೆಗೆ ಸುಮಾರು ಸಾವಿರ ಮೈಲಿ ನಡೆದರು. 1868ರಲ್ಲಿ ಕ್ಯಾಲಿಫೋರ್ನಿಯಾ ಸೇರಿ, ಮರುವರ್ಷದ ಬೇಸಿಗೆಯಲ್ಲಿ ಸುಮಾರು 2,000 ಕುರಿಗಳ ಮಂದೆಯೊಡನೆ ಬೆಟ್ಟ ಹತ್ತಿದರು. ಮಂದೆ ಹಾದುಹೋದಲ್ಲೆಲ್ಲ ಹೂವಿನ ಹುಲ್ಲುಗಾವಲು ಬೋಳಾಗುವುದನ್ನು ಅವರು ಕಣ್ಣಾರೆ ಕಂಡರು.

ನೆಲ ಕುಸಿದು ಯೊಸೆಮಿಟಿ ಕಣಿವೆ ಉಂಟಾಯಿತೆಂದು ಆಗಿನ ಪ್ರಸಿದ್ಧ ಭೂವಿಜ್ಞಾನಿ ವಿಟ್ನಿ ಹೇಳುತ್ತಿದ್ದರು. ಮ್ಯೂರ್ ಬಂಡೆಗಳ ಮೇಲಿನ ಗೀರುಗಳನ್ನು ಪರೀಕ್ಷಿಸಿ, ಅದು ಹಿಮನದಿಗಳ ಕೆಲಸವೆಂದು ವಾದಿಸಿದರು. 1871ರಲ್ಲಿ ಅದೇ ಪರ್ವತಗಳಲ್ಲಿ ಜೀವಂತ ಹಿಮನದಿಯೊಂದನ್ನೇ ಕಂಡುಹಿಡಿದರು. ಬೆಟ್ಟದ ತೊರೆಗಳಲ್ಲಿ ಮುಳುಗಿ ಆಹಾರ ಹುಡುಕುವ ಪುಟ್ಟ ಹಕ್ಕಿಯ ಬಗೆಗೂ ಅಷ್ಟೇ ಅಕ್ಕರೆಯಿಂದ ಬರೆದರು.

ಅವರ ಲೇಖನಗಳು ಜನರನ್ನು ಎಚ್ಚರಿಸಿದವು. 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. 1892ರಲ್ಲಿ ಸಿಯೆರಾ ಕ್ಲಬ್ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷರು. 1903ರಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೊಡನೆ ಮೂರು ರಾತ್ರಿ ಕಾಡಿನಲ್ಲಿ ತಂಗಿದರು. ಅದುವರೆಗೆ ರಾಜ್ಯದ ವಶದಲ್ಲಿದ್ದ ಯೊಸೆಮಿಟಿ ಕಣಿವೆಯೂ 1906ರಲ್ಲಿ ಉದ್ಯಾನಕ್ಕೆ ಸೇರಿತು.

ಆದರೆ ಕೊನೆಯ ಹೋರಾಟದಲ್ಲಿ ಅವರು ಸೋತರು. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ನೀರೊದಗಿಸಲು ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಬಹುದೆಂಬ ಕಾಯಿದೆ 1913ರ ಡಿಸೆಂಬರಿನಲ್ಲಿ ಜಾರಿಯಾಯಿತು. ಮರುವರ್ಷ ಡಿಸೆಂಬರ್ 24ರಂದು ಮ್ಯೂರ್ ನಿಧನರಾದರು. 1923ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಆ ಕಣಿವೆ ಇಂದಿಗೂ ನೀರಿನಡಿ ಇದೆ.

ಮ್ಯೂರ್ ಅವರಲ್ಲೂ ಕೊರತೆಯಿತ್ತು. ಯೊಸೆಮಿಟಿಯ ಮೂಲನಿವಾಸಿಗಳನ್ನು 1851ರಲ್ಲೇ ಸಶಸ್ತ್ರ ಪಡೆಯೊಂದು ಹೊರಗಟ್ಟಿತ್ತು. ಆ ಜನರ ವಿಷಯದಲ್ಲಿ ಮ್ಯೂರ್ ನ್ಯಾಯವಾಗಿ ಬರೆಯಲಿಲ್ಲ. ಇದನ್ನೂ ಅರಿತೇ ನಾವು ಅವರನ್ನು ಗೌರವಿಸಬೇಕು. ಕಾಯಿದೆಯಿಂದ ಉಳಿದ ಕಾಡು ಇನ್ನೊಂದು ಕಾಯಿದೆಯಿಂದ ಅಳಿಯಬಹುದು. ಆದುದರಿಂದ ಕಾಡನ್ನು ಕಾಯುವ ಕೆಲಸ ಒಂದು ತಲೆಮಾರಿಗೆ ಮುಗಿಯುವುದಿಲ್ಲವೆಂಬುದೇ ಅವರ ಜೀವನದಿಂದ ನಾವು ಕಲಿಯಬೇಕಾದ ಪಾಠ.