ಸುಟ್ಟ ಚರ್ಚುಗಳ ನಡುವೆ ಡಾ. ಕಿಂಗ್

ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರಗಳೆರಡರಿಂದಲೂ ಜನ ಕೂಡುವ ಚಿಂಚಲಿಯ ಸೀಮೆಯವರಾದ ನಮಗೆ, ಗುಡಿಯೆಂದರೆ ಬರಿಯ ಪೂಜೆಯ ಸ್ಥಳವಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಮೇರಿಕೆಯ ದಕ್ಷಿಣ ಪ್ರಾಂತಗಳ ಕಪ್ಪು ಜನರಿಗೆ ಚರ್ಚು ಇದಕ್ಕೂ ಹೆಚ್ಚಿನದಾಗಿತ್ತು. ಗುಲಾಮಗಿರಿ 1865ರಲ್ಲಿ ಅಳಿದರೂ ಶಾಲೆ, ಬಸ್ಸು, ಉಪಾಹಾರಗೃಹಗಳಲ್ಲಿ ಅವರನ್ನು ಬೇರೆಯಾಗಿಯೇ ಇಡುತ್ತಿದ್ದರು. ತಮ್ಮ ದುಡ್ಡಿನಿಂದ ಕಟ್ಟಿ, ತಾವೇ ಯಜಮಾನರಾಗಿ ನಡೆಸಿದ ಮನೆ ಬಹುಮಟ್ಟಿಗೆ ಚರ್ಚೊಂದೇ. ಸಭೆ ಅಲ್ಲಿ, ಚಂದಾ ಅಲ್ಲಿ, ಧೈರ್ಯದ ಮಾತೂ ಅಲ್ಲಿ. ಅವರನ್ನು ಹೆದರಿಸಬಯಸಿದವರು ಮೇಲಿಂದ ಮೇಲೆ ಚರ್ಚಿಗೇ ಬೆಂಕಿಯಿಟ್ಟದ್ದು ಅದಕ್ಕಾಗಿ.

ಮಾರ್ಟಿನ್ ಲೂಥರ್ ಕಿಂಗ್ ಇಂಥ ಚರ್ಚಿನ ನೆರಳಿನಲ್ಲಿಯೇ ಹುಟ್ಟಿದರು. 1929ನೆಯ ಜನವರಿ 15ರಂದು, ಜಾರ್ಜಿಯಾ ಪ್ರಾಂತದ ಅಟ್ಲಾಂಟಾದಲ್ಲಿ. ತಾಯಿಯ ತಂದೆ ಪಾದ್ರಿ, ತಂದೆಯೂ ಪಾದ್ರಿ. 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಅದೇ ಡಿಸೆಂಬರದಲ್ಲಿ, ಅವರು ಪಾದ್ರಿಯಾಗಿದ್ದ ಮಾಂಟ್ಗೊಮರಿ ಪಟ್ಟಣದ ಬಸ್ಸು ಬಹಿಷ್ಕಾರದ ಮುಂದಾಳುತನ ಇಪ್ಪತ್ತಾರರ ಆ ತರುಣರ ಹೆಗಲಿಗೆ ಬಿತ್ತು. ಬಹಿಷ್ಕಾರ 381 ದಿನ ನಡೆಯಿತು.

1956ರ ಜನವರಿ 30ರ ರಾತ್ರಿ ಅವರ ಮನೆಗೆ ಬಾಂಬು ಬಿತ್ತು. ಒಳಗಿದ್ದ ಹೆಂಡತಿ, ಎಳೆಗೂಸು ದೈವವಶದಿಂದ ಉಳಿದರು. ಸಿಟ್ಟಿನಿಂದ ಆಯುಧ ಹಿಡಿದು ಕೂಡಿದ ತಮ್ಮವರನ್ನು ಕಿಂಗರು ಮುರಿದ ಜಗಲಿಯ ಮೇಲೆ ನಿಂತು ಸಮಾಧಾನಪಡಿಸಿ ಕಳಿಸಿದರು. ಗಾಂಧೀಜಿ ಕೊಲೆಯಾಗಿ ಅಂದಿಗೆ ಸರಿಯಾಗಿ ಎಂಟು ವರ್ಷ. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದ ಆ ಮಹಾತ್ಮರಿಂದಲೇ ಕಿಂಗರು ಸತ್ಯಾಗ್ರಹದ ದಾರಿ ಕಲಿತದ್ದು. ಮುಂದೆ 1959ರಲ್ಲಿ ಒಂದು ತಿಂಗಳು ಭಾರತದಲ್ಲಿ ಸಂಚರಿಸಿ ಹೋದರು.

ಮಾಂಟ್ಗೊಮರಿಯ ಬಸ್ಸಿನ ಗೆಲುವಿನ ಬೆನ್ನಿಗೇ, 1957ರ ಜನವರಿಯಲ್ಲಿ ಆ ಪಟ್ಟಣದ ನಾಲ್ಕು ಚರ್ಚುಗಳಿಗೆ ಬಾಂಬು ಬಿತ್ತು. ಆದರೆ ಅವರ ಅಹಿಂಸೆಯನ್ನು ಒರೆಗೆ ಹಚ್ಚಿದ್ದು 1962ರ ಜಾರ್ಜಿಯಾ ಎಂದೇ ನನಗೆ ತೋರುತ್ತದೆ. ಅಲ್ಲಿಯ ಹಳ್ಳಿಗಳಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಯಾದಿಗೆ ಸೇರಿಸುವ ಕೆಲಸ ನಡೆದಿತ್ತು; ಸಭೆಗಳು ಚರ್ಚಿನಲ್ಲಿ. ಆಗಸ್ಟದಲ್ಲಿ ಶೇಡಿ ಗ್ರೋವ್ ಚರ್ಚು ಸುಟ್ಟಿತು. ಸೆಪ್ಟೆಂಬರದಲ್ಲಿ ಸಾಸರ್ ಊರಿನ ಹತ್ತಿರ ಮೌಂಟ್ ಆಲಿವ್ ಚರ್ಚು ಬೂದಿಯಾಯಿತು. ಒಕ್ಕಲುಮಕ್ಕಳು ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಮನೆ ಸುಟ್ಟಾಗ ಶಾಂತಿಯನ್ನು ಬೋಧಿಸುವುದು ಸುಲಭವೇ? ಕಿಂಗರು ಆ ಬೂದಿಯ ನಡುವೆ ನಿಂತು ಪ್ರಾರ್ಥನೆ ಮಾಡಿದರು, ಪ್ರಾರ್ಥನೆಗೇ ನಿಲ್ಲಲಿಲ್ಲ. ಬೇಸ್‌ಬಾಲ್ ಆಟದ ಹೆಸರಾಂತ ವೀರ ಜಾಕಿ ರಾಬಿನ್ಸನ್ನರ ಮುಂದಾಳುತನದಲ್ಲಿ ನಿಧಿ ಕೂಡಿತು. ಬಿಳಿಯರೂ ಕೊಟ್ಟರು. ಗೋಡೆಗಳು ಮತ್ತೆ ಎದ್ದವು; ಯಾದಿಯ ಕೆಲಸವೂ ನಿಲ್ಲಲಿಲ್ಲ.

ಮರುವರ್ಷ ಸೆಪ್ಟೆಂಬರ 15ರಂದು ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಕಿರಿಯಳಿಗೆ ಹನ್ನೊಂದು ವರ್ಷ. ಮೂವರ ಅಂತ್ಯಸಂಸ್ಕಾರದಲ್ಲಿ ಕಿಂಗರೇ ಮಾತನಾಡಬೇಕಾಯಿತು. 1964ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂತು, 1965ರಲ್ಲಿ ಮತದ ಹಕ್ಕಿನ ಕಾಯದೆ ಬಂತು. 1968ರ ಏಪ್ರಿಲ್ 4ರಂದು ಮೆಂಫಿಸ್ ಪಟ್ಟಣದಲ್ಲಿ ಗುಂಡಿಗೆ ಬಲಿಯಾದಾಗ ಅವರಿಗಿನ್ನೂ ಮೂವತ್ತೊಂಬತ್ತು. ಆರು ವರ್ಷಗಳ ತರುವಾಯ ಅವರ ತಾಯಿಯನ್ನೂ ಅಟ್ಲಾಂಟಾದ ಅದೇ ಮನೆತನದ ಚರ್ಚಿನಲ್ಲಿ, ವಾದ್ಯ ನುಡಿಸುತ್ತಿದ್ದಾಗ, ಒಬ್ಬನು ಗುಂಡಿಕ್ಕಿ ಕೊಂದನು.

1990ರ ದಶಕದ ನಡುವೆ ದಕ್ಷಿಣದಲ್ಲಿ ಮತ್ತೆ ಚರ್ಚುಗಳು ಸುಡತೊಡಗಿದವು. 1996ರ ಜುಲೈಯಲ್ಲಿ ಅಮೇರಿಕೆಯ ಸರಕಾರ ಬೆಂಕಿಯಿಡುವವರ ಶಿಕ್ಷೆಯನ್ನು ಬಿಗಿಗೊಳಿಸುವ ಕಾಯದೆ ಮಾಡಿತು. ಸುಟ್ಟುಹೋದವುಗಳನ್ನು ಕಟ್ಟಲು ಸಾಲಕ್ಕೆ ಜಾಮೀನು ನಿಲ್ಲುವ ಏರ್ಪಾಡೂ ಅದರಲ್ಲಿತ್ತು.